ಅಸೋಸಿಯೇಟ್ ಈರಣ್ಣ

ಈರಣ್ಣನನ್ನು ಪ್ರೊಫೆಸರ್ ಮಾಡಿದವನು ನಾನು. ಅದಕ್ಕೆ ಯಾವ ವಿಶ್ವವಿದ್ಯಾಲಯದ ಒಪ್ಪಿಗೆಯನ್ನೂ ಕೇಳಲಿಲ್ಲ. ಒಂದು ಶನಿವಾರ ಬೆಳಿಗ್ಗೆ, ಕಾಫಿ ಆರುವಷ್ಟರಲ್ಲಿ, ಕಂಪ್ಯೂಟರಿನ ಒಂದಿಷ್ಟು ಕೀಲಿ ಒತ್ತಿ ಮಾಡಿಬಿಟ್ಟೆ. ಅಳಿಸುವುದಕ್ಕೆ ಮಾತ್ರ ಒಂದು ವರ್ಷ, ಎರಡು ದೇಶ ಮತ್ತು ಒಂದು ವೀಸಾ ಆಫೀಸು ಬೇಕಾದವು.

ಆಗ ನಾನು, ಅಂದರೆ ಮೈಸೂರಿನ ತ್ಯಾಗರಾಜ, ಅಮೆರಿಕದ ಅಟ್ಲಾಂಟದ ಪಕ್ಕದ ಡುಲುತ್ ಊರಿನ ಕನ್ನಡ ಬಳಗದ ಕಾರ್ಯದರ್ಶಿ. 1996ರ ಯುಗಾದಿಗೆ ಸದಸ್ಯರ ಡೈರೆಕ್ಟರಿ ತರಬೇಕೆಂದು ಅಧ್ಯಕ್ಷ ಶೇಷಾದ್ರಿಯವರು ಅಪ್ಪಣೆ ಕೊಡಿಸಿದ್ದರು. ಫೋನ್ ನಂಬರು ಎಲ್ಲರ ಹತ್ತಿರವೂ ಇತ್ತು. ಯಾರು ಎಷ್ಟು ಮೇಲೆ ಹೋಗಿದ್ದಾರೆ ಎನ್ನುವುದು ತಿಳಿಯಬೇಕಿತ್ತು. ಫಾರಂ ಹಂಚಿದೆ. ಮ್ಯಾನೇಜರುಗಳು ಡೈರೆಕ್ಟರುಗಳಾಗಿ ವಾಪಸು ಬಂದರು. ಎರಡು ತಿಂಗಳಿಂದ ಕೆಲಸವಿಲ್ಲದಿದ್ದವರೊಬ್ಬರು ‘ಕನ್ಸಲ್ಟೆಂಟ್’ ಎಂದು ಬರೆದರು. ಈರಣ್ಣ ಒಬ್ಬನೇ ನಿಜ ಬರೆದ. ಉದ್ಯೋಗದ ಡಬ್ಬದಲ್ಲಿ ಅವನ ದಪ್ಪ ಅಕ್ಷರಗಳಿಗೆ ಜಾಗ ಸಾಲದೆ ‘ಅಸೋಸಿಯೇಟ್, ಆಟೊ., ಟೆಕ್ನಿಕಲ್ ಕಾಲೇಜು’ ಎಂಬಷ್ಟೇ ಹಿಡಿಸಿತ್ತು.

ಕಾಲೇಜಿನಲ್ಲಿ ಅಸೋಸಿಯೇಟ್ ಅಂದರೆ ನನಗೆ ಗೊತ್ತಿದ್ದದ್ದು ಒಂದೇ. ಪಾಪ, ಸಂಕೋಚದ ಮನುಷ್ಯ, ಪೂರ್ತಿ ಹೇಳಿಕೊಂಡಿಲ್ಲ ಎಂದುಕೊಂಡು ‘ಪ್ರೊಫೆಸರ್’ ಸೇರಿಸಿದೆ. ‘ಆಟೊ’ ಎನ್ನುವುದು ಆಟೊಮೇಷನ್ ಇರಬೇಕೆಂದು ಅದನ್ನೂ ಉದ್ದ ಮಾಡಿದೆ. ನೂರ ನಲವತ್ತು ಪ್ರತಿ ಅಚ್ಚಾಯಿತು.

ಈರಣ್ಣ ನಿಜವಾಗಿ ಏನು ಮಾಡುತ್ತಿದ್ದ ಎಂದು ಹೇಳಬೇಕು. ಅವನು ಗದಗಿನ ಕಡೆಯವನು. ಹತ್ತು ವರ್ಷ ಹುಬ್ಬಳ್ಳಿಯ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ. ಅಕ್ಕ ಬಸವ್ವ ಅಮೆರಿಕದ ಇನ್ನೊಂದು ಮೂಲೆಯಲ್ಲಿ ಡಾಕ್ಟರೊಬ್ಬರ ಹೆಂಡತಿ. ತಮ್ಮನನ್ನು ಕರೆಸಿಕೊಳ್ಳಲು ಆಕೆ ಅರ್ಜಿ ಹಾಕಿದಳು; ಅದು ಪಾಸಾಗುವ ಹೊತ್ತಿಗೆ ತಮ್ಮನಿಗೆ ಮೂವತ್ತೈದು. ಬಂದವನು ಡುಲುತ್‌ನ ಒಂದು ಗ್ಯಾರೇಜಿಗೆ ಸೇರಿದ. ಎರಡು ವರ್ಷದ ಮೇಲೆ ಊರಿಗೆ ಹೋಗಿ ಚನ್ನಮ್ಮನೆಂಬ ಪ್ರಾಥಮಿಕ ಶಾಲೆಯ ಟೀಚರನ್ನು ಮದುವೆಯಾದ. ಇಪ್ಪತ್ತಾರು ದಿನ ಸಂಸಾರ ಮಾಡಿ ಮರಳಿ ಬಂದು ಹೆಂಡತಿಗೆ ಗ್ರೀನ್ ಕಾರ್ಡಿನ ಅರ್ಜಿ ಹಾಕಿದ. ಸರದಿ ಬರಲು ನಾಲ್ಕು ವರ್ಷ ಎಂದರು. ನಡುವೆ ಒಮ್ಮೆ ಹದಿನೆಂಟು ದಿನ ಹೋಗಿ ಬಂದ. ಅದರಲ್ಲಿ ಹನ್ನೊಂದು ದಿನ ಮನೆ ತುಂಬ ನೆಂಟರು.

“ಒಟ್ಟ ನಲವತ್ನಾಕು ದಿನ ನೋಡ್ರಿ ಸರ ನಮ್ಮ ಸಂಸಾರ,” ಎಂದು ಒಮ್ಮೆ ನನಗೆ ಹೇಳಿದ್ದ. “ನೆಂಟರನ್ನ ತಗದ್ರ ಮೂವತ್ಮೂರು.”

ಗ್ಯಾರೇಜಿನ ಯಜಮಾನ, ಅವನ ಕೈಕೆಲಸ ನೋಡಿ, ಒಂದು ಸರ್ಟಿಫಿಕೇಟಿದ್ದರೆ ನಿನ್ನನ್ನೇ ಹೆಡ್ ಮಾಡುತ್ತೇನೆ ಎಂದ. ಹೆಂಡತಿ ಬರುವ ಹೊತ್ತಿಗೆ ಹೆಡ್ ಆಗಿರೋಣವೆಂದು ಈರಣ್ಣ ಟೆಕ್ನಿಕಲ್ ಕಾಲೇಜಿಗೆ ಸೇರಿದ. ವಾಹನ ದುರಸ್ತಿಯಲ್ಲಿ ಎರಡು ವರ್ಷದ ಅಸೋಸಿಯೇಟ್ ಡಿಗ್ರಿ. ಬೆಳಿಗ್ಗೆ ಏಳರಿಂದ ಮೂರರ ತನಕ ಗ್ಯಾರೇಜಿನಲ್ಲಿ ಗೇರ್‌ಬಾಕ್ಸ್ ಬಿಚ್ಚುತ್ತಿದ್ದ. ನಾಲ್ಕರಿಂದ ಕಾಲೇಜಿನಲ್ಲಿ, ಗೇರ್‌ಬಾಕ್ಸ್ ಬಿಚ್ಚುವುದು ಹೇಗೆ ಎಂದು ಕಲಿಯುತ್ತಿದ್ದ.

ಡೈರೆಕ್ಟರಿ ನೋಡಿ ಅವನು ನನ್ನ ಬಳಿ ಬಂದ.

“ಸರ, ಇದರಾಗ ಒಂದು ತಪ್ಪಾಗೈತ್ರಿ.”

ಕಾರ್ಯದರ್ಶಿಗೆ ಇದಕ್ಕಿಂತ ಕೆಟ್ಟ ಮಾತಿಲ್ಲ. ಅದಾಗಲೇ ಒಬ್ಬರ ಇನಿಷಿಯಲ್ ತಪ್ಪಿದ್ದಕ್ಕೆ ಮೂರು ಫೋನ್ ಬಂದಿದ್ದವು. “ಈರಣ್ಣ, ಪ್ರಿಂಟ್ ಆಗೋಯ್ತು. ಏನಿದ್ರೂ ನೆಕ್ಸ್ಟ್ ಇಯರ್ ಕರೆಕ್ಟ್ ಮಾಡೋಣ,” ಎಂದೆ.

ಅವನು ಆ ಪುಟವನ್ನು ಇನ್ನೊಮ್ಮೆ ನೋಡಿದ. ತನ್ನ ಹೆಸರಿನ ಮೇಲೆ ಹೆಬ್ಬೆರಳು ಆಡಿಸಿದ. ಆಮೇಲೆ ಮೆಲ್ಲಗೆ ಕೇಳಿದ: “ಇನ್ನೊಂದು ಕಾಪಿ ಐತೇನ್ರಿ?”

ಅವನ ತಪ್ಪು ಇಷ್ಟೇ. ಹೆಂಡತಿಗೆ ವಾರಕ್ಕೊಂದು ನೀಲಿ ಏರೋಗ್ರಾಮ್ ಬರೆಯುತ್ತಿದ್ದ. ಬರೆಯಲು ಅವನಿಗೆ ಏನೂ ಇರುತ್ತಿರಲಿಲ್ಲ. ನಿಮ್ಮ ಕಿಟಕಿಯಲ್ಲಿ ಏನು ಕಾಣುತ್ತದೆ ಎಂದು ಆಕೆ ಕೇಳಿದರೆ, ‘ಪಾರ್ಕಿಂಗ್ ಲಾಟ್ ಕಾಣುತ್ತದೆ, ಇವತ್ತು ಮೂವತ್ತೊಂದು ಗಾಡಿ ಇವೆ’ ಎಂದು ಬರೆದವನು. ಮೊದಲ ಸಲ ಕಳಿಸುವಂಥದ್ದೊಂದು ಕೈಗೆ ಸಿಕ್ಕಿತು. ಪುಟ ಹರಿದು ಕವರಿನಲ್ಲಿಟ್ಟು ಕಳಿಸಿದ.

ಇಲ್ಲಿ ನಮ್ಮ ಬಳಗದವರು ಸುಮ್ಮನಿರಲಿಲ್ಲ. ಅದುವರೆಗೆ, ಮನೆಮನೆಯಿಂದ ಅಡುಗೆ ತಂದು ಉಣ್ಣುವ ಪಾಟ್‌ಲಕ್ಕಿನಲ್ಲಿ ಕುರ್ಚಿ ಜೋಡಿಸುತ್ತಿದ್ದ ಈರಣ್ಣನಿಗೆ ಈಗ ಕುರ್ಚಿ ಸಿಕ್ಕಿತು. ಶೇಷಾದ್ರಿಯವರ ಹೆಂಡತಿ ಊರ್ಮಿಳಾ ಮಗಳು ಹರಿಣಿಯನ್ನು ಮುಂದೆ ತಳ್ಳಿ, “ಪ್ರೊಫೆಸರ್, ಇವಳಿಗೆ ಒಂದು ರೆಕಮೆಂಡೇಶನ್ ಲೆಟರ್ ಬೇಕು, ಸ್ವಲ್ಪ ಗೈಡ್ ಮಾಡಿ,” ಎಂದರು.

“ಏನು ಗೈಡ್ ಮಾಡ್ಲಿ ರೀ?”

“ನಿಮ್ಮ ಡಿಪಾರ್ಟ್‌ಮೆಂಟಲ್ಲಿ ಹೆಣ್ಣುಮಕ್ಕಳು ಇದಾರಾ?”

“ಒಬ್ಬಾಕಿ ಅದಾಳ್ರಿ. ಗಟ್ಟಿಗಿತ್ತಿ. ಟ್ರಕ್ಕಿನ ಟೈರ್ ಒಬ್ಬಾಕೀನ ಎತ್ತತಾಳ.”

ಊರ್ಮಿಳಾ ಇದನ್ನು ಅಮೆರಿಕದ ಸಂಶೋಧನೆಯ ಒಂದು ವಿಧಾನವೆಂದು ತಿಳಿದು ತಲೆದೂಗಿದರು.

ನವೆಂಬರಿನಲ್ಲಿ ರಾಜ್ಯೋತ್ಸವ ಬಂತು. ಮುಖ್ಯ ಭಾಷಣಕ್ಕೆ ಬರಬೇಕಾದವರು ಕೈಕೊಟ್ಟರು. “ನಮ್ಮ ಪ್ರೊಫೆಸರ್ ಇರೋವಾಗ ಬೇರೆಯವರು ಯಾಕೆ?” ಎಂದರು ಶೇಷಾದ್ರಿಯವರು. ಈರಣ್ಣ ನನ್ನನ್ನು ಪಕ್ಕಕ್ಕೆ ಎಳೆದ. “ಸರ, ನನಗ ಗೊತ್ತಿರೋದು ಬ್ರೇಕ್ ಒಂದ. ಈ ಸಲ ಅದನ್ನ ಕಲಸಾಕತ್ತಾರ್ರಿ,” ಎಂದು ನನ್ನ ಹತ್ತಿರ ಗೋಗರೆದ. ನಾನು ಆಗಲೂ ಅರ್ಥಮಾಡಿಕೊಳ್ಳಲಿಲ್ಲ. ಕರಪತ್ರದಲ್ಲಿ ‘ಗತಿ ಮತ್ತು ನಿಯಂತ್ರಣ: ಒಂದು ಚಿಂತನೆ’ ಎಂದು ಅಚ್ಚು ಹಾಕಿಸಿದೆ.

ಈರಣ್ಣ ಬಾಡಿಗೆಯ ಕೋಟು ಹಾಕಿಕೊಂಡು ಮೈಕಿನ ಮುಂದೆ ನಿಂತ.

“ಗಾಡಿ ಓಡಸೋದು ದೊಡ್ಡ ಮಾತಲ್ರಿ,” ಎಂದ. “ನಿಲ್ಲಸೋದು ದೊಡ್ಡ ಮಾತು.”

ಮುಂದಿನ ಸಾಲಿನವರು ಕುರ್ಚಿಯಲ್ಲಿ ನೆಟ್ಟಗೆ ಕೂತರು.

“ಬ್ರೇಕ್ ಒತ್ತತೀರಿ. ಗಾಡಿ ನಿಲ್ಲತೈತಿ. ಆ ಓಟ ಎಲ್ಲಿ ಹೋತು? ಶಾಖ ಆಗಿ ಹೋತು. ಒಳಗಿನ ಪ್ಯಾಡ್ ಅದನ್ನೆಲ್ಲ ತಾನ ನುಂಗತೈತಿ. ತಾನು ಸವೆದು ನಿಮ್ಮನ್ನ ಉಳಸತೈತಿ. ಅದು ಸವೆದದ್ದು ಹೊರಗಿನವರಿಗೆ ಕಾಣೂದುಲ್ರಿ. ಕಿರಗುಟ್ಟಿದ ಮ್ಯಾಲ ನೋಡತೀವಿ. ಅಷ್ಟೊತ್ತಿಗೆ ತಡಾ ಆಗಿರತೈತಿ. ಆಗಾಗ ಚಕ್ರ ಬಿಚ್ಚಿ ನೋಡಬೇಕ್ರಿ.”

ಊರ್ಮಿಳಾ ಸೆರಗಿನಿಂದ ಕಣ್ಣೊತ್ತಿಕೊಂಡರು. ಹೋದ ವರ್ಷ ತೀರಿಕೊಂಡ ತಾಯಿ ಅವರಿಗೆ ನೆನಪಾಗಿದ್ದರು. ಹಿಂದಿನ ಸಾಲಿನಿಂದ ಯೋಗ ಕಲಿಸುವ ಹಿರಿಯರೊಬ್ಬರು ಎದ್ದು ಕೇಳಿದರು: “ತಾವು ಆಗಾಗ ಚಕ್ರ ಬಿಚ್ಚಿ ನೋಡ್ಕೋಬೇಕು ಅಂತೀರಾ? ಯಾವ ಚಕ್ರ, ಮೂಲಾಧಾರನಾ?”

“ನಾಲ್ಕೂ ನೋಡಬೇಕ್ರಿ,” ಎಂದ ಈರಣ್ಣ. “ಮುಂದಿನೆರಡು ಲಗೂನ ಸವೀತಾವ.”

ಚಪ್ಪಾಳೆ ನಿಲ್ಲಲು ಎರಡು ನಿಮಿಷ ಹಿಡಿಯಿತು. ಶಾಲು ಹೊದಿಸಿದರು.

ಅತ್ತ ಗದಗಿನಲ್ಲಿ ಆ ಪುಟ ಇದಕ್ಕಿಂತ ಜೋರಾಗಿ ಓಡಾಡುತ್ತಿತ್ತು. ಚನ್ನಮ್ಮನ ತಂದೆ ಶಿವಲಿಂಗಪ್ಪ ಮಾಸ್ತರರು ಅದಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದರು. ಶಾಲೆಯಲ್ಲಿ ಹೆಡ್‌ಮಾಸ್ತರು ಆಕೆಗೆ ಕುರ್ಚಿ ಒರೆಸಿಕೊಟ್ಟರು. ಊರಿನ ವಾರಪತ್ರಿಕೆಯೊಂದು ‘ಅಮೆರಿಕದ ಪ್ರಾಧ್ಯಾಪಕರ ಧರ್ಮಪತ್ನಿ’ ಎಂದು ಫೋಟೊ ಹಾಕಿತು. ಇದೆಲ್ಲ ಈರಣ್ಣನಿಗೆ ಖುಷಿ ಕೊಡಬೇಕಿತ್ತು. ಆದರೆ ಒಂದು ಭಾನುವಾರ ಮಧ್ಯಾಹ್ನ ಅವನು ಒಂದು ಕಟ್ಟು ಕಾಗದ ಹಿಡಿದು ನಮ್ಮ ಮನೆಗೆ ಬಂದ. ಮುಖ ಬಾಡಿತ್ತು.

“ಓದ್ರಿ ಸರ,” ಎಂದು ಎರಡು ಪತ್ರ ಮುಂದಿಟ್ಟ.

ಒಂದು ಹಳೆಯದು. ‘ನಮ್ಮೆಮ್ಮಿ ಕರಾ ಹಾಕೇತಿ, ಹೆಣಗರಾ, ಹಣಿಮ್ಯಾಲ ಬಿಳಿ ಬೊಟ್ಟ ಐತಿ. ಒದೀತೈತಿ, ನಿಮ್ಮಂಗ ಮೊಂಡ. ನೀವು ಉಂಡ್ರೋ ಇಲ್ಲೋ. ಇಲ್ಲಿ ಎಲ್ಲಾರೂ ಮಕ್ಕೊಂಡಾರ, ನಾ ಒಬ್ಬಾಕೀನ ಬರಿಯಾಕತ್ತೇನಿ.’

ಇನ್ನೊಂದು ಹೊಸದು. ‘ವಿದ್ವನ್ಮಣಿಗಳಾದ ತಮಗೆ ವಂದನೆಗಳು. ತಮ್ಮ ಜ್ಞಾನಾರ್ಜನೆಯು ನಿರ್ವಿಘ್ನವಾಗಿ ಸಾಗುತ್ತಿದೆಯೆಂದು ಭಾವಿಸುತ್ತೇನೆ. ಇಲ್ಲಿ ಸರ್ವರೂ ಕ್ಷೇಮ.’

“ಎಷ್ಟು ಶುದ್ಧವಾಗಿದೆ!” ಎಂದೆ ನಾನು.

“ಶುದ್ಧ ಐತ್ರಿ,” ಎಂದ ಈರಣ್ಣ. “ಎಮ್ಮಿ ಏನಾತು ಅಂತ ಬರದಿಲ್ಲ. ಆರು ತಿಂಗಳಾತು, ಎಮ್ಮಿ ಸುದ್ದೀನ ಇಲ್ಲ. ನಾ ಉಂಡೆನೋ ಇಲ್ಲೋ ಅಂತನೂ ಕೇಳವಲ್ಲಳು. ಪ್ರೊಫೆಸರ್‌ಗೆ ಅಂಥಾದ್ದು ಬರೀಬಾರದು ಅಂತ ಅವರಪ್ಪ ಹೇಳ್ಯಾರಂತ.”

ಆವತ್ತು ನನಗೆ ಪೂರ್ತಿ ಕಥೆ ತಿಳಿಯಿತು. ತಿಳಿದ ಮೇಲೆ ನಾನೇನು ಮಾಡಿದೆ? ಮುಂದಿನ ಯುಗಾದಿಗೆ ತಿದ್ದೋಣ ಎಂದೆ. ಯುಗಾದಿಯ ಡೈರೆಕ್ಟರಿಗೆ ಆ ವರ್ಷ ಜಾಹೀರಾತು ಸಿಗಲಿಲ್ಲ. ಅದು ಅಚ್ಚಾಗಲೇ ಇಲ್ಲ, ತಿದ್ದುಪಡಿ ಅಲ್ಲಿಗೇ ನಿಂತಿತು.

1997ರ ಏಪ್ರಿಲ್‌ನಲ್ಲಿ ಚನ್ನಮ್ಮನ ಸರದಿ ಬಂತು. ತಂದೆಯ ಜೊತೆ ಮದ್ರಾಸಿಗೆ ಹೋದಳು. ವೀಸಾ ಅಧಿಕಾರಿ ಕೇಳಿದ ಎರಡನೇ ಪ್ರಶ್ನೆಯೇ ‘ಗಂಡ ಏನು ಮಾಡುತ್ತಾನೆ’ ಎಂಬುದು. ಚನ್ನಮ್ಮ ಒಂದು ತಿಂಗಳು ಬಾಯಿಪಾಠ ಮಾಡಿದ್ದ ಇಂಗ್ಲಿಷಿನಲ್ಲಿ “ಅಸೋಸಿಯೇಟ್ ಪ್ರೊಫೆಸರ್” ಎಂದಳು. ಮಾಸ್ತರರು ಕಟ್ಟು ಸಮೇತ ತಂದಿದ್ದ ಪುಟವನ್ನು ಕೌಂಟರಿನ ಗಾಜಿನ ಕೆಳಗೆ ತೂರಿಸಿದರು. ಅಧಿಕಾರಿ ಅದನ್ನು ನೋಡಿದ. ಈರಣ್ಣ ತನ್ನ ಕೈಯಾರೆ ತುಂಬಿ ಕಳಿಸಿದ್ದ ಫಾರಂ ನೋಡಿದ. ಅದರಲ್ಲಿ ‘ಆಟೊ ಮೆಕ್ಯಾನಿಕ್’ ಎಂದಿತ್ತು. ಎರಡನ್ನೂ ಪಕ್ಕಪಕ್ಕ ಇಟ್ಟ. ಎರಡು ತಿಂಗಳೊಳಗೆ ಇವನು ಯಾರೆಂದು ಸಾಬೀತು ಮಾಡಿ ಎಂಬ ಚೀಟಿ ಕೊಟ್ಟು, ಫೈಲು ಮುಚ್ಚಿ, ಮುಂದಿನವರನ್ನು ಕರೆದ.

ಮರುದಿನ ಶನಿವಾರ ಬೆಳಿಗ್ಗೆ ಗದಗಿನ ಎಸ್‌ಟಿಡಿ ಬೂತಿನಿಂದ ಚನ್ನಮ್ಮ ಫೋನ್ ಮಾಡಿದಳು. ನಾಲ್ಕು ವರ್ಷದಲ್ಲಿ ಆಕೆಯೇ ಮಾಡಿದ ಮೊದಲ ಫೋನ್. ನನ್ನ ಗಾಡಿಗೆ ಆಯಿಲ್ ಹಾಕಿಸಲು ನಾನು ಅವನ ಮನೆಯಲ್ಲೇ ಇದ್ದೆ. ಆಕೆ ಮಾತಾಡಿದ್ದು ಅಡುಗೆಮನೆಯ ತನಕ ಕೇಳುತ್ತಿತ್ತು.

“ರೀ, ನೀವು ಯಾರು?”

“ನಾನು... ಈರಣ್ಣ.”

“ಅದು ಗೊತ್ತೈತಿ. ಏನು ಮಾಡ್ತೀರಿ ಅಲ್ಲಿ?”

“ಗಾಡಿ ರಿಪೇರಿ.”

“ಕಾಲೇಜು?”

“ಅದನ್ನ ಕಲಿಯಾಕತ್ತೇನಿ. ಗಾಡಿ ರಿಪೇರೀನ.”

“ಮದ್ಲ ಬರತಿತ್ತಲ್ಲ?”

“ಬರತಿತ್ತು. ಇಲ್ಲಿ ಕಾಗದ ಬೇಕಂತ.”

ಈರಣ್ಣ ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದಿದ್ದ.

“ನಾ ಲಗ್ನ ಆದದ್ದು ಡಿಪೋದ ಈರಣ್ಣನ್ನ,” ಎಂದಳು ಚನ್ನಮ್ಮ. “ಒಂದು ವರ್ಷ ಆತು, ಯಾವನೋ ಪ್ರೊಫೆಸರ್‌ಗೆ ಕಾಗದ ಬರಿಯಾಕತ್ತೇನಿ. ಡಿಕ್ಷನರಿ ನೋಡಿ ನೋಡಿ ಬರದೇನಿ. ನನ್ನ ಗಂಡನ್ನ ಎಲ್ಲಿ ಇಟ್ಟೀರಿ?”

“ಇಲ್ಲೇ ಅದಾನ,” ಎಂದ ಈರಣ್ಣ. ಆಮೇಲೆ ಕೇಳಿದ: “ಎಮ್ಮಿ ಹೆಂಗೈತಿ?”

“ಮತ್ತ ಗಬ್ಬ ಐತಿ,” ಎಂದು ಅಳುತ್ತಲೇ ಬೈದು ಚನ್ನಮ್ಮ ಫೋನ್ ಇಟ್ಟಳು.

ಅವತ್ತೇ ಅವನನ್ನು ಕರೆದುಕೊಂಡು ಶೇಷಾದ್ರಿಯವರ ಮನೆಗೆ ಹೋದೆ. ಬಳಗದ ಲೆಟರ್‌ಹೆಡ್ಡಿನಲ್ಲಿ, ಡೈರೆಕ್ಟರಿಯಲ್ಲಿ ತಪ್ಪಾಗಿದೆ ಎಂದು ಅಧ್ಯಕ್ಷರ ಸಹಿ ಬೇಕಿತ್ತು. ಶೇಷಾದ್ರಿಯವರು ಸೋಫಾದಲ್ಲಿ ಹಿಂದಕ್ಕೆ ವಾಲಿದರು.

“ತ್ಯಾಗರಾಜ್, ಥಿಂಕ್ ಮಾಡಿ. ಅವರಿಗೆ ಶಾಲು ಹೊದಿಸಿದ್ದೀವಿ. ಅಟ್ಲಾಂಟದವರೆಲ್ಲ ಫೋಟೊ ನೋಡಿದಾರೆ. ಈಗ ಮಿಸ್ಟೇಕ್ ಅಂದ್ರೆ ಬಳಗದ ಮರ್ಯಾದೆ ಏನಾಗುತ್ತೆ? ಈರಣ್ಣನವರೇ, ಅಸೋಸಿಯೇಟ್ ಅಂತೂ ಇದೀರ. ಪ್ರೊಫೆಸರ್ ಒಂದೇ ಶಾರ್ಟೇಜ್. ಕಾಲೇಜಲ್ಲಿ ಕೇಳಿ ಒಂದೆರಡು ಕ್ಲಾಸ್ ತಗೊಳ್ಳೋಕಾಗಲ್ವಾ?”

“ತಗೋತೇನ್ರಿ. ದಿನಾ ಎರಡು ಕ್ಲಾಸ್ ಇರತಾವ.”

“ಹಾಗಲ್ಲಪ್ಪ, ತಗೊಳ್ಳೋದು ಅಂದ್ರೆ ಕೊಡೋದು!”

ಒಳಗೆ ಊರ್ಮಿಳಾ ಒಗ್ಗರಣೆ ಹಾಕುತ್ತಿದ್ದರು. ಸಾಸಿವೆ ಸಿಡಿಯುವ ಸದ್ದು ಬಂತು. “ರೀ, ಎಲೆಕೋಸಿಗೆ ತೆಂಗಿನಕಾಯಿ ಹಾಕ್ಲಾ, ಬೇಡ್ವಾ?” ಎಂದು ಕೂಗಿದರು. ಶೇಷಾದ್ರಿಯವರು ಗೊಂದಲದ ನಡುವೆಯೇ “ಹಾಕು” ಎಂದರು.

ಈರಣ್ಣ ಅಡುಗೆಮನೆಯ ಕಡೆ ನೋಡಿದ. “ಸರ,” ಎಂದ, “ನಿಮ್ಮನ್ನ ಕೇಳಾವರು ಮನ್ಯಾಗ ಅದಾರ್ರಿ.”

ಅವನು ಅದನ್ನು ಚುಚ್ಚಲೆಂದು ಹೇಳಲಿಲ್ಲ. ಎದುರಿಗೆ ಕಂಡದ್ದನ್ನು ಹೇಳಿದ, ಅಷ್ಟೆ. ಶೇಷಾದ್ರಿಯವರು ಜೇಬಿನಿಂದ ಪೆನ್ನು ತೆಗೆದರು.

ಇನ್ನೊಂದು ಪತ್ರ ಕಾಲೇಜಿನಿಂದ ಬೇಕಿತ್ತು. ಬ್ರೇಕ್ ಕಲಿಸುವ ಹಾಲಿಸ್ ಎಂಬ ಮುದುಕರು ಜಾರ್ಜಿಯಾದ ಹಳ್ಳಿಯವರು. ಈರಣ್ಣನನ್ನು ‘ಐರನ್’ ಎಂದೇ ಕರೆಯುತ್ತಿದ್ದರು. ನಾನೂ ಜೊತೆಗೆ ಹೋಗಿ ಸಂಗತಿ ವಿವರಿಸಿದೆ. ಅವರು ಕಾರನ್ನು ಎತ್ತಿ ನಿಲ್ಲಿಸಿದ್ದ ಲಿಫ್ಟಿನ ಕಂಬ ಹಿಡಿದುಕೊಂಡು ನಕ್ಕರು. ಆಮೇಲೆ ಗ್ರೀಸಿನ ಕೈಯಲ್ಲೇ ಬರೆದರು. ಅದರ ಸಾರ ಇದು: ‘ಈತ ಪ್ರೊಫೆಸರ್ ಅಲ್ಲ. ನಾನೂ ಅಲ್ಲ, ಈ ಕಟ್ಟಡದಲ್ಲಿ ಯಾರೂ ಅಲ್ಲ. ಈತ ನನ್ನ ವಿದ್ಯಾರ್ಥಿ, ಜೂನ್‌ನಲ್ಲಿ ಪಾಸಾಗುತ್ತಾನೆ. ಮೂವತ್ತು ವರ್ಷದಲ್ಲಿ ಇಂಥ ಕೈ ನಾನು ನೋಡಿಲ್ಲ. ದಯವಿಟ್ಟು ಈತನ ಹೆಂಡತಿಯನ್ನು ಬೇಗ ಕಳಿಸಿಕೊಡಿ. ಎರಡು ವರ್ಷದಿಂದ ಇಡೀ ಕ್ಲಾಸು ಆಕೆಯ ಎಮ್ಮೆಯ ಕ್ಷೇಮಸಮಾಚಾರ ಕೇಳುತ್ತಿದೆ.’

ಎರಡೂ ಪತ್ರ ಕೊರಿಯರಿನಲ್ಲಿ ಮದ್ರಾಸಿಗೆ ಹೋದವು. ಆದರೂ ಈರಣ್ಣನಿಗೆ ಸಮಾಧಾನವಾಗಲಿಲ್ಲ. ಮೇ ತಿಂಗಳ ಪಿಕ್‌ನಿಕ್‌ನಲ್ಲಿ, ಊಟಕ್ಕೆ ಮೊದಲು, ಬೆಂಚಿನ ಮೇಲೆ ಹತ್ತಿ ನಿಂತ.

“ಎಲ್ಲಾರೂ ಕೇಳ್ರಿ. ನಾ ಪ್ರೊಫೆಸರ್ ಅಲ್ಲ. ಮೆಕ್ಯಾನಿಕ್. ಕಾಲೇಜಿನ್ಯಾಗ ಗಾಡಿ ರಿಪೇರಿ ಓದಾಕತ್ತೇನಿ. ಒಂದು ವರ್ಷ ಸುಮ್ನ ಇದ್ದೆ, ಅದು ನನ್ನ ತಪ್ಪು. ಶಾಲು ತಂದೇನಿ, ವಾಪಸ್ ತಗೋರಿ.”

ಎಲ್ಲರೂ ಶೇಷಾದ್ರಿಯವರ ಕಡೆ ನೋಡಿದರು. ಕೊನೆಗೆ ಊರ್ಮಿಳಾ ಕೇಳಿದರು: “ಹಾಗಾದ್ರೆ ಆವತ್ತು ಬ್ರೇಕ್ ಅಂದಿದ್ದು...”

“ಬ್ರೇಕ ರೀ.”

“ಮತ್ತೆ ನಾನು ಅತ್ತಿದ್ದು?”

“ಅದು ನಿಮ್ಮದ ರೀ,” ಎಂದ ಈರಣ್ಣ ಗೌರವದಿಂದ.

ಊರ್ಮಿಳಾ ಒಂದು ಕ್ಷಣ ಯೋಚಿಸಿದರು. “ಅಲ್ಲ, ನಮ್ಮ ಹಳೇ ಕಾರು ಎಡಕ್ಕೆ ತಿರುಗಿಸಿದ್ರೆ ಟಕ್ ಟಕ್ ಅನ್ನುತ್ತೆ. ಡೀಲರ್ ಹತ್ರ ಹೋದ್ರೆ ಏನಿಲ್ಲ ಅಂತಾರೆ...”

ಅಷ್ಟೇ ಸಾಕಾಯಿತು. ಚಿತ್ರಾನ್ನ ಆರುತ್ತಿತ್ತು, ಇಪ್ಪತ್ತು ಕಾರುಗಳ ಬಾನೆಟ್ ಒಂದರ ಹಿಂದೊಂದು ಮೇಲೆದ್ದವು. ಯೋಗದ ಹಿರಿಯರು ತಮ್ಮ ನಾಲ್ಕೂ ಚಕ್ರ ತೋರಿಸಲು ಸಾಲಿನಲ್ಲಿ ನಿಂತರು. ಶಾಲನ್ನು ಯಾರೂ ವಾಪಸು ಪಡೆಯಲಿಲ್ಲ; ಸಂಜೆಯ ಹೊತ್ತಿಗೆ ಅದು ಆಯಿಲ್ ಒರೆಸುವ ಸ್ಥಿತಿಯಲ್ಲಿತ್ತು.

ಜೂನ್‌ನಲ್ಲಿ ಈರಣ್ಣ ಪಾಸಾದ. ಜುಲೈನಲ್ಲಿ ವೀಸಾ ಬಂತು. ಆಗಸ್ಟಿನ ಒಂದು ಮಧ್ಯಾಹ್ನ ಚನ್ನಮ್ಮ ಅಟ್ಲಾಂಟಕ್ಕೆ ಬಂದಿಳಿದಳು. ಈರಣ್ಣ ಒಬ್ಬನೇ ಹೋಗುತ್ತೇನೆ ಎಂದ. ಬಳಗದ ಗೌರವದ ಪ್ರಶ್ನೆ ಎಂದು ಶೇಷಾದ್ರಿಯವರು ತಮ್ಮ ಮಿನಿವ್ಯಾನ್ ಹೊರಡಿಸಿದರು. ಊರ್ಮಿಳಾ ಹಾರ ಹಿಡಿದರು. ನಾನು ಕ್ಯಾಮೆರಾ ಹಿಡಿದೆ.

ಚನ್ನಮ್ಮ ಚಲಿಸುವ ಮೆಟ್ಟಿಲಿನ ಕೆಳಗೆ ಚೀಲ ಹಿಡಿದು ನಿಂತಿದ್ದಳು. ಇಳಕಲ್ ಸೀರೆ, ಕಾಲಿಗೆ ಹೊಸ ಬೂಟು. ಹಿಂದಿನವರು ದಾಟಿ ದಾಟಿ ಹೋಗುತ್ತಿದ್ದರು; ಆಕೆ ಕಾಲಿಡಲೊಲ್ಲಳು. ಮೇಲಿನಿಂದ ಈರಣ್ಣ ಕೂಗಿದ: “ಚನ್ನಮ್ಮಾ, ಇಡು, ಇಡು, ಏನಾಗೂದುಲ್ಲ!” ಆಕೆ ಕಣ್ಣು ಮುಚ್ಚಿ ಕಾಲಿಟ್ಟಳು. ಕಣ್ಣು ತೆರೆದಾಗ ಅವನ ಎದುರಿಗಿದ್ದಳು. ಇಬ್ಬರೂ ಒಬ್ಬರನ್ನೊಬ್ಬರು ನೋಡುವಷ್ಟರಲ್ಲಿ ಶೇಷಾದ್ರಿಯವರು ಸ್ವಾಗತ ಭಾಷಣ ಶುರುಮಾಡಿದರು.

ವ್ಯಾನಿನಲ್ಲಿ ಊರ್ಮಿಳಾ ಚನ್ನಮ್ಮನನ್ನು ಹಿಂದೆ ತಮ್ಮ ಪಕ್ಕದಲ್ಲಿ ಕೂರಿಸಿಕೊಂಡರು. ಈರಣ್ಣನನ್ನು ಮುಂದೆ ಕೂರಿಸಿದರು. ಎಡಕ್ಕೆ ಏನು, ಬಲಕ್ಕೆ ಏನು ಎಂದು ಶೇಷಾದ್ರಿಯವರು ತೋರಿಸುತ್ತಲೇ ಇದ್ದರು. ಈರಣ್ಣ ಮೂರು ಸಲ ಹಿಂತಿರುಗಿ ನೋಡಿದ, ಮೂರು ಸಲವೂ ಊರ್ಮಿಳಾ, “ಏನು ಬೇಕು ಈರಣ್ಣ? ನೀರಾ?” ಎಂದರು.

ಎಂಬತ್ತೈದನೇ ಹೆದ್ದಾರಿಯಲ್ಲಿ, ಡುಲುತ್‌ಗೆ ಇನ್ನೂ ಹದಿನೈದು ಮೈಲಿ ಇರುವಾಗ, ಮುಂದಿನಿಂದ ಬುಸ್ಸೆಂದು ಆವಿ ಎದ್ದಿತು. ರೇಡಿಯೇಟರಿಗೆ ಹೋಗುವ ರಬ್ಬರ್ ಕೊಳವೆ ಸೀಳಿತ್ತು. ವ್ಯಾನನ್ನು ಬದಿಗೆ ನಿಲ್ಲಿಸಿದರು. ಈರಣ್ಣ ಅಂಗಿಯ ತೋಳು ಮಡಿಸಿ ಬಾನೆಟ್ ಎತ್ತಿದ. ಸೀಳಿದ ತುದಿ ಕತ್ತರಿಸಿ ಮತ್ತೆ ಬಿಗಿದರೆ ಮನೆ ಮುಟ್ಟಬಹುದು, ನೀರು ಬೇಕು ಎಂದ. “ಆದ್ರ ಇಂಜಿನ್ ಆರೂತನಕ ಮುಚ್ಚಳ ತಗಿಯಾಂಗಿಲ್ರಿ. ನೀರು ಸಿಡೀತೈತಿ.”

ನೀರು ತರಲು ನಾನು ಹೋದೆ. ಪೆಟ್ರೋಲ್ ಬಂಕು ಮುಂದಿನ ತಿರುವಿನಲ್ಲಿತ್ತು. ಬಿಸಿಲಿನಲ್ಲಿ ಹೋಗಿ ಬರಲು ಮುಕ್ಕಾಲು ಗಂಟೆ ಹಿಡಿಯಿತು. ಮರಳಿ ಬಂದಾಗ ಕೊಳವೆ ಬಿಗಿದಾಗಿತ್ತು. ಈರಣ್ಣ, ಚನ್ನಮ್ಮ ರಸ್ತೆಬದಿಯ ಕಬ್ಬಿಣದ ತಡೆಯ ಮೇಲೆ, ನಡುವೆ ಒಂದು ಗೇಣು ಬಿಟ್ಟು ಕೂತಿದ್ದರು. ಬೆನ್ನ ಹಿಂದೆ ಪೈನ್ ಮರಗಳಿದ್ದವು. ಎದುರಿಗೆ ಲಾರಿಗಳು ಗುಡುಗುತ್ತ ಹೋಗುತ್ತಿದ್ದವು. ಹಾಗಾಗಿ ಅವರೇನು ಮಾತಾಡುತ್ತಿದ್ದರೋ ನಮಗೆ ಕೇಳುತ್ತಿರಲಿಲ್ಲ. ಆಕೆ ಅವನ ಕರಿ ಮೆತ್ತಿದ ಕೈಯನ್ನು ತಿರುಗಿಸಿ ಮುರುಗಿಸಿ ನೋಡುತ್ತ ಏನೋ ಕೇಳುತ್ತಿದ್ದಳು. ಅವನು ಹೇಳುತ್ತಿದ್ದ. ಈರಣ್ಣ ಅಷ್ಟು ಮಾತಾಡಿದ್ದನ್ನು ನಾನು ಕಂಡಿರಲಿಲ್ಲ.

ಶೇಷಾದ್ರಿಯವರು ಗಡಿಯಾರ ನೋಡಿಕೊಂಡರು. “ಈರಣ್ಣ, ಹೊರಡೋಣ್ವಾ? ಆರಿರ್ಬೇಕಲ್ಲ?”

ಈರಣ್ಣ ಎದ್ದು ಬಂದ. ರೇಡಿಯೇಟರಿನ ಮುಚ್ಚಳದ ಮೇಲೆ ಅಂಗೈ ಇಟ್ಟು, ಬಹಳ ಗಂಭೀರವಾಗಿ ಸ್ವಲ್ಪ ಹೊತ್ತು ನಿಂತ.

“ಇನ್ನೂ ಬಿಸಿ ಐತ್ರಿ,” ಎಂದ. ಹೋಗಿ ಮತ್ತೆ ಕೂತ. ಈ ಸಲ ನಡುವೆ ಗೇಣು ಇರಲಿಲ್ಲ.

ಶೇಷಾದ್ರಿಯವರಿಗೆ ಅನುಮಾನ ಬಂದು, “ತ್ಯಾಗರಾಜ್, ಸ್ವಲ್ಪ ನೋಡಿ,” ಎಂದರು. ನಾನು ಮುಚ್ಚಳ ಮುಟ್ಟಿದೆ. ನಲ್ಲಿಯ ಹಾಗೆ ತಣ್ಣಗಿತ್ತು.

ನೀರಿನ ಕ್ಯಾನು ಕೆಳಗಿಟ್ಟು ಬೆರಳು ಝಾಡಿಸಿಕೊಂಡೆ. “ಅಬ್ಬಾ,” ಎಂದೆ, “ಇನ್ನೂ ಒಂದು ಗಂಟೆನಾದ್ರೂ ಬೇಕು ಸಾರ್.”